ಓಡಿ ಸಾಲ ತೀರಿಸುವಾಗ ಮನೆಯ ಲೆಕ್ಕ ಹೇಗಿರಬೇಕು?

ಓವರ್‌ಡ್ರಾಫ್ಟ್ (ಓಡಿ) ಸಾಲಕ್ಕೆ ಕಂತು ಇರುವುದಿಲ್ಲ. ಮನೆ ಸಾಲಕ್ಕೋ ಬೈಕಿನ ಸಾಲಕ್ಕೋ ಇಂಥ ತಾರೀಕಿಗೆ ಇಷ್ಟು ಎಂಬ ಕಟ್ಟುಪಾಡಿರುತ್ತದೆ. ಇಪ್ಪತ್ತು ವರ್ಷ ಹಿಡಿದರೂ ಅದು ಒಂದು ದಿನ ಮುಗಿಯುತ್ತದೆ. ಸಂಬಳದ ಖಾತೆಗೆ ಬ್ಯಾಂಕು ಜೋಡಿಸಿಕೊಡುವ ಓಡಿ ಹಾಗಲ್ಲ. ಬಡ್ಡಿ ಸರಿಯಾಗಿ ಹೋಗುತ್ತಿದ್ದರೆ, ಬಾಕಿ ಮಿತಿಯೊಳಗೇ ಇದ್ದರೆ, ಯಾರೂ ಫೋನ್ ಮಾಡಿ ಕೇಳುವುದಿಲ್ಲ. ವರ್ಷಕ್ಕೊಮ್ಮೆ ನವೀಕರಣವೂ ಆಗುತ್ತದೆ. ತಂಗಿಯ ಮದುವೆಗೋ ಅಪ್ಪನ ಆಪರೇಷನ್‌ಗೋ ಎಂದೋ ತೆಗೆದ ಒಂದು ಲಕ್ಷ ಇವತ್ತಿಗೂ ಒಂದು ಲಕ್ಷವಾಗಿಯೇ ಉಳಿದಿರುವ ಮನೆಗಳು ನಮ್ಮ ನಡುವೆ ಬೇಕಾದಷ್ಟಿವೆ. ಆ ಮನೆಯವರು ದುಂದುಗಾರರಲ್ಲ. ಬ್ಯಾಂಕು ಕಂತು ಕಟ್ಟಿಕೊಡದ ಸಾಲಕ್ಕೆ ತಾವೇ ಕಂತು ಕಟ್ಟಿಕೊಂಡಿಲ್ಲ, ಅಷ್ಟೇ.

ಓಡಿಯ ಬಡ್ಡಿ ದಿನದ ಲೆಕ್ಕದಲ್ಲಿ ಬೆಳೆಯುತ್ತದೆ. ಪ್ರತಿ ರಾತ್ರಿ ಎಷ್ಟು ಬಾಕಿ ಇದೆಯೋ ಅದರ ಮೇಲೆ ಆ ದಿನದ ಬಡ್ಡಿ ಬೀಳುತ್ತದೆ. ತಿಂಗಳ ಕೊನೆಗೆ ಅಷ್ಟನ್ನೂ ಕೂಡಿಸಿ ಖಾತೆಯಿಂದ ಕಳೆಯುತ್ತಾರೆ. ಹಾಗಾಗಿ ಅದನ್ನು ತೀರಿಸುವ ಮನೆಯೂ ತಿಂಗಳ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಬರಬೇಕು. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ. ಉಳಿದದ್ದು ಅದನ್ನು ಮಾಡುವ ಬಗೆ.

ಮೊದಲು ನಿಮ್ಮ ಬಡ್ಡಿ ದರ ಎಷ್ಟೆಂದು ಮಂಜೂರಾತಿ ಪತ್ರ ತೆಗೆದು ನೋಡಿ. ಅಡಮಾನವಿಲ್ಲದ ಸಂಬಳದ ಓಡಿಗೆ ಬ್ಯಾಂಕಿನಿಂದ ಬ್ಯಾಂಕಿಗೆ ದರ ಬೇರೆ. ನಾನು ಇಲ್ಲಿ ಶೇ 14 ಎಂದು ಹಿಡಿಯುತ್ತೇನೆ. ಬಾಕಿಯನ್ನು ದರದಿಂದ ಗುಣಿಸಿ, 100ರಿಂದ ಭಾಗಿಸಿ, ಮತ್ತೆ 365ರಿಂದ ಭಾಗಿಸಿದರೆ ದಿನದ ಬಡ್ಡಿ ಸಿಗುತ್ತದೆ. ಒಂದು ಲಕ್ಷ ಬಾಕಿಗೆ ದಿನಕ್ಕೆ 38 ರೂಪಾಯಿ ಚಿಲ್ಲರೆ. ಅಂದರೆ ಪ್ರತಿ ಸಾವಿರಕ್ಕೆ ದಿನಕ್ಕೆ 38 ಪೈಸೆ. ಭಾನುವಾರವೂ ಹಬ್ಬದ ದಿನವೂ ಇದು ನಿಲ್ಲುವುದಿಲ್ಲ. ವರ್ಷಕ್ಕೆ 14,000 ರೂಪಾಯಿ ಹೋಗುತ್ತದೆ, ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ.

ಮೊಬೈಲಿನಲ್ಲಿ ಕಾಣುವ ಅಂಕಿ

ಓಡಿ ಇರುವ ಖಾತೆಯಲ್ಲಿ ದೊಡ್ಡ ತೊಡಕು ‘ಲಭ್ಯ ಬ್ಯಾಲೆನ್ಸ್’ ಎಂದು ತೋರಿಸುವ ಅಂಕಿ. ಬಹಳಷ್ಟು ಬ್ಯಾಂಕುಗಳ ಆ್ಯಪ್‌ನಲ್ಲಿ ಅದು ಉಳಿದಿರುವ ಮಿತಿಯನ್ನೂ ಸೇರಿಸಿಕೊಂಡ ಮೊತ್ತ. 1,20,000 ರೂಪಾಯಿ ಮಿತಿಯಿದ್ದು ಒಂದು ಲಕ್ಷ ಬಳಸಿದ್ದೀರಿ ಎಂದುಕೊಳ್ಳಿ. ಒಂದನೇ ತಾರೀಕು 45,000 ಸಂಬಳ ಬಿದ್ದ ಕೂಡಲೇ 65,000 ಲಭ್ಯ ಎಂದು ಕಾಣುತ್ತದೆ. ಆ 65,000ದಲ್ಲಿ ನಿಮ್ಮದು ಎನ್ನುವ ಹಣವೇ ಇಲ್ಲ. ನೀವಿನ್ನೂ ಬ್ಯಾಂಕಿಗೆ 55,000 ಕೊಡಬೇಕು. ಆದರೂ ಕಣ್ಣಿಗೆ ಬೀಳುವುದು ಮೊದಲ ಅಂಕಿಯೇ, ಕೈ ಖರ್ಚು ಮಾಡುವುದೂ ಅದನ್ನೇ ನಂಬಿ.

ಆದ್ದರಿಂದ ನೋಡಬೇಕಾದ ಅಂಕಿ ಬೇರೆ: ಸಂಬಳ ಬೀಳುವ ಹಿಂದಿನ ದಿನದ ಬಾಕಿ. ತಿಂಗಳಲ್ಲಿ ಸಾಲ ಅತಿ ಆಳಕ್ಕೆ ಇಳಿದಿರುವ ದಿನ ಅದು. ಸಂಬಳ ಬಂದ ದಿನ ಎಲ್ಲರ ಸಾಲವೂ ಇಳಿದಂತೆ ಕಾಣುತ್ತದೆ. ಈ ತಿಂಗಳ 31ಕ್ಕೆ ಒಂದು ಲಕ್ಷ ಇದ್ದದ್ದು ಮುಂದಿನ ತಿಂಗಳ ಕೊನೆಗೆ 94,000ಕ್ಕೆ ಬಂದಿದ್ದರೆ ನೀವು ಸಾಲ ತೀರಿಸುತ್ತಿದ್ದೀರಿ. ಒಂದು ಲಕ್ಷವೇ ಇದ್ದರೆ ಆ ತಿಂಗಳು ಬರೀ ಬಡ್ಡಿಗೆ ದುಡಿದಂತಾಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಕೊನೆಯ ಚೌಕದಲ್ಲಿ ಈ ಒಂದು ಅಂಕಿ ಬರೆಯಿರಿ. ಮನೆಯವರೆಲ್ಲ ನೋಡುವ ಜಾಗದಲ್ಲೇ ಬರೆಯಿರಿ. ಗಂಡನಿಗೆ ಗೊತ್ತಿದ್ದು ಹೆಂಡತಿಗೆ ಗೊತ್ತಿಲ್ಲದ, ಅಥವಾ ಹೆಂಡತಿಗೆ ಗೊತ್ತಿದ್ದು ಗಂಡನಿಗೆ ಗೊತ್ತಿಲ್ಲದ ಓಡಿ ತೀರುವುದು ಬಹಳ ಕಷ್ಟ. ಒಬ್ಬರು ಉಳಿಸಿದ್ದನ್ನು ಇನ್ನೊಬ್ಬರು ತಿಳಿಯದೆಯೇ ಖರ್ಚು ಮಾಡಿರುತ್ತಾರೆ.

400 ರೂಪಾಯಿಯ ದಿನ

ಜಿಲ್ಲಾ ಕೇಂದ್ರವೊಂದರಲ್ಲಿ ಬಾಡಿಗೆ ಮನೆಯಲ್ಲಿರುವ ನಾಲ್ಕು ಜನರ ಸಂಸಾರ, ಕೈಗೆ ಬರುವ ಸಂಬಳ 45,000 ಎಂದು ಲೆಕ್ಕಕ್ಕೆ ಹಿಡಿಯೋಣ. ತಪ್ಪಿಸಲಾಗದ ಖರ್ಚು ಹೀಗಿರಬಹುದು: ಬಾಡಿಗೆ 12,000, ಮಕ್ಕಳ ಶಾಲೆ ಮತ್ತು ಆಟೊ 4,000, ಗ್ಯಾಸು, ನೀರು, ಕರೆಂಟು, ಮೊಬೈಲು ಎಲ್ಲ ಸೇರಿ 3,000, ಊರಿನಲ್ಲಿರುವ ಅಪ್ಪ ಅಮ್ಮನಿಗೆ 3,000, ವಿಮೆ 1,500. ಒಟ್ಟು 23,500. ಓಡಿಯ ಅಸಲಿಗೆ 6,000, ಬಡ್ಡಿಗೆ 1,200. ವರ್ಷಕ್ಕೊಮ್ಮೆ ಎರಗುವ ಖರ್ಚುಗಳಿಗೆ ತಿಂಗಳಿಗೆ 2,300 ಎತ್ತಿಡಬೇಕು. ಇಷ್ಟೆಲ್ಲ ಹೋಗಿ ಉಳಿಯುವುದು 12,000. ದಿನಕ್ಕೆ 400.

ದಿನಸಿ, ಹಾಲು, ತರಕಾರಿ, ಪೆಟ್ರೋಲು, ಮಗುವಿನ ಪೆನ್ಸಿಲ್ಲು, ಹೋಟೆಲಿನ ಕಾಫಿ ಎಲ್ಲ ಈ 400ರೊಳಗೆ ಬರಬೇಕು. ಬಿಗಿಯಾದ ಲೆಕ್ಕ, ನಿಜ. ಆದರೆ ‘ತಿಂಗಳಿಗೆ 12,000’ ಎಂದಾಗ ಹತ್ತನೇ ತಾರೀಕಿನವರೆಗೂ ಕೈ ಸಡಿಲ, ಇಪ್ಪತ್ತರ ನಂತರ ಕೈ ಖಾಲಿ. ‘ದಿನಕ್ಕೆ 400’ ಎಂದಾಗ ಖರ್ಚು ಮೀರಿದ್ದು ಬುಧವಾರ ಸಂಜೆಗೇ ಗೊತ್ತಾಗುತ್ತದೆ. ಓಡಿ ಇಟ್ಟುಕೊಂಡವರಿಗೆ ಈ ಎಚ್ಚರ ಉಳಿದವರಿಗಿಂತ ಹೆಚ್ಚು ಬೇಕು. ಬೇರೆಯವರ ಖಾತೆ ಸೊನ್ನೆಗೆ ಬಂದರೆ ಖರ್ಚು ತಾನಾಗಿ ನಿಲ್ಲುತ್ತದೆ. ಓಡಿ ಖಾತೆ ನಿಲ್ಲುವುದಿಲ್ಲ, ಮಿತಿ ಮುಗಿಯುವವರೆಗೂ ಕೊಡುತ್ತಲೇ ಹೋಗುತ್ತದೆ.

ಆದ್ದರಿಂದ ದಿನಬಳಕೆಯ ಹಣವನ್ನು ಓಡಿ ಖಾತೆಯಿಂದ ಹೊರಗೆ ತನ್ನಿ. ಬೇರೆ ಬ್ಯಾಂಕಿನಲ್ಲಿ ಒಂದು ಸಾದಾ ಉಳಿತಾಯ ಖಾತೆ ಇಟ್ಟುಕೊಳ್ಳಿ. ಕನಿಷ್ಠ ಬ್ಯಾಲೆನ್ಸಿನ ಭಯವಿದ್ದರೆ ದಂಡ ಹಾಕದ ಬ್ಯಾಂಕುಗಳಿವೆ. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಎಲ್ಲ ಉಳಿತಾಯ ಖಾತೆಗಳಿಗೂ ಆ ದಂಡ ತೆಗೆದುಹಾಕಿದೆ, ಸ್ಟೇಟ್ ಬ್ಯಾಂಕ್ 2020ರಲ್ಲೇ ತೆಗೆದಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಓಡಿ ಖಾತೆಯಿಂದ ಈ ಖಾತೆಗೆ 2,800 ವರ್ಗಾಯಿಸಿ. ಏಳು ದಿನದ ದುಡ್ಡು ಅದು. ಫೋನ್‌ಪೇ, ಗೂಗಲ್‌ಪೇಗಳಿಗೆ ಈ ಖಾತೆಯನ್ನಷ್ಟೇ ಜೋಡಿಸಿ, ಓಡಿ ಖಾತೆಯನ್ನು ಅಲ್ಲಿಂದ ತೆಗೆದುಬಿಡಿ. ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ.

ಬೇರೆ ಬ್ಯಾಂಕೇ ಆಗಬೇಕು ಎನ್ನುವುದಕ್ಕೆ ಕಾರಣವಿದೆ. ಸಾಲ ಬಾಕಿ ಬಿದ್ದಾಗ ಅದೇ ಬ್ಯಾಂಕಿನಲ್ಲಿರುವ ನಿಮ್ಮ ಇನ್ನೊಂದು ಖಾತೆಯ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಮನೆಯ ಹಾಲು ತರಕಾರಿಯ ದುಡ್ಡು ಆ ಅಪಾಯದಿಂದ ದೂರವಿರಲಿ.

ವಾರವಾರ ತೆಗೆಯುವುದರಿಂದ ಬಡ್ಡಿ ಎಷ್ಟು ಉಳಿಯುತ್ತದೆ? ಒಂದನೇ ತಾರೀಕೇ 12,000 ತೆಗೆಯುವುದಕ್ಕೂ ವಾರಕ್ಕೆ 2,800ರಂತೆ ತೆಗೆಯುವುದಕ್ಕೂ ತಿಂಗಳಿಗೆ ಸುಮಾರು 50 ರೂಪಾಯಿ ವ್ಯತ್ಯಾಸ. ದೊಡ್ಡ ಮೊತ್ತವೇನಲ್ಲ. ನಿಜವಾದ ಲಾಭ ಬೇರೆಯೇ: ವಾರಕ್ಕೆ ಒಂದು ಗಡಿ ಸಿಗುತ್ತದೆ. ಬುಧವಾರ 700 ಖರ್ಚಾಯಿತೆಂದರೆ ಗುರುವಾರ, ಶುಕ್ರವಾರ ಅದನ್ನು ಸರಿದೂಗಿಸಬಹುದು. ಒಂದು ವಾರವೇ ಮೀರಿತೆಂದರೆ ಮುಂದಿನ ವಾರದ 2,800ರಲ್ಲಿ ಕಡಿಮೆ ಮಾಡಿಕೊಳ್ಳಿ, ಓಡಿಯಿಂದ ತುಂಬಬೇಡಿ. ಒಂದು ದಿನ ತಪ್ಪಿತೆಂದು ‘ಮುಂದಿನ ತಿಂಗಳಿಂದ ಹೊಸದಾಗಿ ಶುರುಮಾಡೋಣ’ ಎಂದು ಕೈಬಿಡುವುದೇ ಹೆಚ್ಚಿನವರು ಸೋಲುವ ಜಾಗ.

ಯುಪಿಐ ಲೈಟ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಒಮ್ಮೆಗೆ 5,000ದವರೆಗೆ ತುಂಬಿಡಬಹುದು, ಪಿನ್ ಹಾಕದೆ ಒಂದು ಪಾವತಿಗೆ 1,000ದವರೆಗೆ ಕೊಡಬಹುದು. ವಾರದ ಹಣವನ್ನು ಸೋಮವಾರ ಅದಕ್ಕೆ ತುಂಬಿ, ತಾನಾಗಿ ಮತ್ತೆ ತುಂಬಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿಟ್ಟರೆ ಅದೇ ವಾರದ ಪರ್ಸು. ನಗದೇ ಹಿತ ಎನ್ನುವವರು 400ರಂತೆ ಏಳು ಕವರು ಮಾಡಿಟ್ಟುಕೊಳ್ಳಲಿ. ಅದು ಇದಕ್ಕಿಂತ ಕಡಿಮೆಯದೇನೂ ಅಲ್ಲ.

ರಾತ್ರಿ ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ತಾರೀಕು, ಇವತ್ತಿನ ಖರ್ಚು, ವಾರಕ್ಕೆ ಉಳಿದದ್ದು. ಈರುಳ್ಳಿಗೆ ಎಷ್ಟು, ಸೊಪ್ಪಿಗೆ ಎಷ್ಟು ಎಂದು ಬರೆಯುವ ಅಗತ್ಯವಿಲ್ಲ. ವಿವರ ಹೆಚ್ಚಾದಷ್ಟೂ ಬರೆಯುವ ಅಭ್ಯಾಸ ಬೇಗ ತಪ್ಪುತ್ತದೆ.

ಪಿಗ್ಮಿಯ ಪಾಠ

ಭಾನುವಾರ ಸಂಜೆ ವಾರದ ಖಾತೆಯಲ್ಲಿ 150 ರೂಪಾಯಿ ಉಳಿದಿದ್ದರೆ ಅದನ್ನು ಏನು ಮಾಡಬೇಕು? ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಡಾ. ಟಿ.ಎಂ.ಎ. ಪೈ ಅವರು ಸ್ಥಾಪಕರಲ್ಲೊಬ್ಬರು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಂಡು ಹೋಗುವ ಪದ್ಧತಿ ಅದು. ದೊಡ್ಡ ಮೊತ್ತ ಕೂಡಿಬರಲಿ ಎಂದು ಕಾಯುವವರ ಕೈಯಲ್ಲಿ ಅದು ಎಂದೂ ಕೂಡುವುದಿಲ್ಲ, ಆದರೆ ದಿನದ ಚಿಲ್ಲರೆ ಕೂಡುತ್ತದೆ ಎಂಬ ತಿಳಿವಳಿಕೆಯ ಮೇಲೆ ಅದು ನಿಂತಿತ್ತು. ಓಡಿ ಸಾಲಕ್ಕೆ ಈ ತಿಳಿವಳಿಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಇಲ್ಲಿ 150 ರೂಪಾಯಿ ಕಟ್ಟಿದರೂ ಆ ರಾತ್ರಿಯಿಂದಲೇ ಅಷ್ಟು ಹಣದ ಮೇಲಿನ ಬಡ್ಡಿ ನಿಲ್ಲುತ್ತದೆ. ಕಂತಿನ ಸಾಲದಲ್ಲಿ ಸಾಮಾನ್ಯವಾಗಿ ಹೀಗೆ ಚಿಲ್ಲರೆ ಕಟ್ಟಲು ಆಗುವುದಿಲ್ಲ. ಉಳಿದದ್ದನ್ನು ಭಾನುವಾರ ರಾತ್ರಿಯೇ ಓಡಿ ಖಾತೆಗೆ ವಾಪಸು ಹಾಕಿ.

ಇದೇ ಕಾರಣಕ್ಕೆ, ಓಡಿ ಬಾಕಿ ಇರುವಾಗ ಪಿಗ್ಮಿ, ಆರ್‌ಡಿ ಕಟ್ಟುತ್ತಿರುವವರು ಒಮ್ಮೆ ಕೂತು ಯೋಚಿಸಬೇಕು. ಒಂದು ಕೈಯಲ್ಲಿ ಶೇ 6 ಬಡ್ಡಿ ಪಡೆದು ಇನ್ನೊಂದು ಕೈಯಲ್ಲಿ ಶೇ 14 ಕೊಡುವುದು ಉಳಿತಾಯವಲ್ಲ. ಎಫ್‌ಡಿ ಇದ್ದರೂ ಅಷ್ಟೇ: ಅವಧಿಗೆ ಮುಂಚೆ ಮುರಿದರೆ ಕಳೆಯುವ ಸಣ್ಣ ದಂಡವನ್ನು ಕೇಳಿ ತಿಳಿದುಕೊಂಡು, ಅದನ್ನು ಮುರಿದು ಓಡಿಗೆ ಕಟ್ಟುವುದೇ ಬಹುತೇಕ ಲಾಭ. ಮುರಿಯಲು ಮನಸ್ಸಿಲ್ಲದಿದ್ದರೆ ಎಫ್‌ಡಿ ಮೇಲೆಯೇ ಓಡಿ ಪಡೆಯಬಹುದು. ಅದರ ದರ ಸಾಮಾನ್ಯವಾಗಿ ಎಫ್‌ಡಿ ಬಡ್ಡಿಗಿಂತ ಶೇ 1 ಅಥವಾ 2ರಷ್ಟೇ ಹೆಚ್ಚು.

ಆದರೆ ಎಲ್ಲವನ್ನೂ ತಂದು ಓಡಿಗೆ ಸುರಿಯಬೇಡಿ. ಹತ್ತು ಸಾವಿರವಾದರೂ ಕೈಗೆಟಕುವಂತೆ ಬೇರೆ ಇರಲಿ. ಓಡಿಯಲ್ಲಿ ಬಳಸದೆ ಉಳಿದ ಮಿತಿಯೇ ಕಷ್ಟಕಾಲಕ್ಕೆ ಆಸರೆ ಎಂದು ಹಲವರು ನಂಬುತ್ತಾರೆ. ಆ ಮಿತಿಯನ್ನು ಕಡಿಮೆ ಮಾಡುವ, ನಿಲ್ಲಿಸುವ ಅಧಿಕಾರ ಬ್ಯಾಂಕಿನದು. ಸಂಬಳ ನಿಂತಾಗಲೇ ಅದು ನಿಮಗೆ ಬೇಕಾಗುವುದು, ಸಂಬಳ ನಿಂತಾಗಲೇ ಬ್ಯಾಂಕು ಅದನ್ನು ಮುಚ್ಚುವುದೂ.

ವರ್ಷಕ್ಕೊಮ್ಮೆ ಬರುವವು

ತಿಂಗಳ ಲೆಕ್ಕವನ್ನು ಹಾಳುಮಾಡುವುದು ಹೋಟೆಲಿನ ಕಾಫಿಯಲ್ಲ. ಜೂನ್ ತಿಂಗಳ ಶಾಲೆಯ ಶುಲ್ಕ, ಪಠ್ಯಪುಸ್ತಕ, ಸಮವಸ್ತ್ರ, ಬೈಕಿನ ವಿಮೆ, ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿ ಎಂದು ಸಾಲಾಗಿ ಬರುವ ಹಬ್ಬಗಳು, ಬೇಸಿಗೆಯ ಮದುವೆಗಳ ಮುಯ್ಯಿ. ಇವ್ಯಾವೂ ಅನಿರೀಕ್ಷಿತವಲ್ಲ, ಎಲ್ಲವೂ ಪಂಚಾಂಗದಲ್ಲಿರುವಂಥವೇ. ಆದರೂ ಪ್ರತಿ ವರ್ಷ ಓಡಿಯಿಂದಲೇ ಹೋಗುತ್ತವೆ. ಉಳಿದ ಹನ್ನೊಂದು ತಿಂಗಳು ಕಷ್ಟಪಟ್ಟು ಇಳಿಸಿದ್ದನ್ನು ಜೂನ್ ಒಂದೇ ನುಂಗಿಹಾಕಬಲ್ಲದು.

ಕಳೆದ ವರ್ಷದ ಪಾಸ್‌ಬುಕ್ ಮುಂದಿಟ್ಟುಕೊಂಡು ಇಂಥವನ್ನೆಲ್ಲ ಪಟ್ಟಿ ಮಾಡಿ, ಹನ್ನೆರಡರಿಂದ ಭಾಗಿಸಿ. ನಮ್ಮ ಲೆಕ್ಕದಲ್ಲಿ ತಿಂಗಳಿಗೆ 2,300 ಎಂದರೆ ವರ್ಷಕ್ಕೆ 27,600. ಈ ಹಣ ಓಡಿ ಖಾತೆಯಲ್ಲೇ ಇದ್ದರೆ ಬಡ್ಡಿ ತುಸು ಉಳಿಯುತ್ತದೆ ಎಂಬುದು ನಿಜ. ಆದರೂ ಬೇರೆ ಖಾತೆಯಲ್ಲಿಡಿ ಎಂದೇ ನನ್ನ ಸಲಹೆ. ತಿಂಗಳಿಗೆ ನೂರು ರೂಪಾಯಿ ಬಡ್ಡಿ ಹೆಚ್ಚು ಹೋದರೂ ಪರವಾಗಿಲ್ಲ. ‘ಇದು ಮಕ್ಕಳ ಶಾಲೆಯ ದುಡ್ಡು’ ಎಂದು ಕಣ್ಣಿಗೆ ಕಾಣುವುದು ಅದಕ್ಕಿಂತ ಬೆಲೆಯುಳ್ಳದ್ದು. ಮುಯ್ಯಿಯ ವಿಷಯದಲ್ಲಿ ಸಾಲ ತೀರುವವರೆಗೆ ಹತ್ತಿರದವರಿಗೆ ಮಾತ್ರ ದೊಡ್ಡ ಉಡುಗೊರೆ, ಉಳಿದ ಕಡೆ ಹೋಗಿ ಹರಸಿ ಊಟ ಮಾಡಿ ಬರುವುದು ಎಂದು ಗಂಡ ಹೆಂಡತಿ ಇಬ್ಬರೂ ಕೂತು ತೀರ್ಮಾನ ಮಾಡಿಕೊಳ್ಳಿ. ಯಾರೂ ನೊಂದುಕೊಳ್ಳುವುದಿಲ್ಲ.

ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ವಿಭಾಗ ತೆರೆದು ನೋಡಿ. ನೋಡದ ಒಟಿಟಿ, ಮರೆತ ಆ್ಯಪ್‌ನ ಚಂದಾ ಅಲ್ಲಿ ಸಿಗುತ್ತವೆ, ಅಲ್ಲೇ ರದ್ದೂ ಮಾಡಬಹುದು. ಗೃಹಜ್ಯೋತಿ ಸಿಗುವ ಮನೆಯಾದರೆ ತಿಂಗಳ ಮಧ್ಯದಲ್ಲೊಮ್ಮೆ ಮೀಟರ್ ನೋಡಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಮನೆಯ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಓಡಾಡಿದರೆ ಪೆಟ್ರೋಲಿನ ಖರ್ಚು ಅಷ್ಟು ಇಳಿಯುತ್ತದೆ. ಗೃಹಲಕ್ಷ್ಮಿಯ 2,000 ಬರುವ ಮನೆಗಳಲ್ಲಿ ಅದನ್ನು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ. ಅದು ಪ್ರತಿ ತಿಂಗಳೂ ಒಂದೇ ತಾರೀಕಿಗೆ ಬರುವುದಿಲ್ಲ, ಮೇಲಾಗಿ ಅದು ಮನೆಯೊಡತಿಯ ಹಣ. ಸಾಲಕ್ಕೆ ಹಾಕುವುದೋ ಬೇಡವೋ ಎಂಬುದು ಆಕೆಯ ತೀರ್ಮಾನ.

ತುಟ್ಟಿಭತ್ಯೆ ಬಾಕಿ, ಬೋನಸ್, ಗಳಿಕೆ ರಜೆ ನಗದೀಕರಣ, ಆದಾಯ ತೆರಿಗೆ ವಾಪಸು ಇಂಥವು ಬಂದಾಗ ನಾಲ್ಕರಲ್ಲಿ ಮೂರು ಪಾಲು ಓಡಿಗೆ ಹೋಗಲಿ, ಒಂದು ಪಾಲು ಮನೆಗೆ. ಪೂರ್ತಿ ಸಾಲಕ್ಕೇ ಎಂದರೆ ಮನೆಯವರ ಸಹಕಾರ ಹೆಚ್ಚು ದಿನ ಉಳಿಯದು.

ಮಿತಿಯನ್ನು ಇಳಿಸುತ್ತ ಬನ್ನಿ

ಸಂಬಳ ನೇರ ಓಡಿ ಖಾತೆಗೇ ಬೀಳುವವರ ಪಾಲಿಗೆ ಸಾಲ ಕಟ್ಟುವುದೆಂದರೆ ಹಣವನ್ನು ತೆಗೆಯದೆ ಬಿಡುವುದು. ಆದರೆ ಬಿಟ್ಟ ಹಣ ನಾಳೆ ಮತ್ತೆ ಕೈಗೆ ಸಿಗುತ್ತದೆ. ಮೂರು ತಿಂಗಳಲ್ಲಿ 18,000 ಇಳಿಸಿದ್ದೀರಾದರೆ ಶಾಖೆಗೆ ಹೋಗಿ, ಮಿತಿಯನ್ನು 1,20,000ದಿಂದ 1,00,000ಕ್ಕೆ ಇಳಿಸಿ ಎಂದು ಅರ್ಜಿ ಕೊಡಿ. ಮತ್ತೆ ಮೂರು ತಿಂಗಳಿಗೆ ಇನ್ನಷ್ಟು ಇಳಿಸಿ. ಕೆಲವು ಬ್ಯಾಂಕುಗಳಲ್ಲಿ ಪ್ರತಿ ತಿಂಗಳೂ ಮಿತಿ ತಾನಾಗಿ ಇಳಿಯುವ ‘ಡ್ರಾಪ್‌ಲೈನ್’ ಓಡಿ ಇದೆ, ಕೇಳಿ ನೋಡಿ. ಓಡಿಗೆ ಪ್ರತ್ಯೇಕ ಖಾತೆ ಇರುವವರು ಸಂಬಳದ ಮಾರನೇ ದಿನವೇ 7,200 ವರ್ಗಾವಣೆಯಾಗುವಂತೆ ಬ್ಯಾಂಕಿಗೆ ಸ್ಥಾಯೀ ಸೂಚನೆ ಕೊಡಲಿ. ಬಡ್ಡಿ ಇಳಿದಂತೆ ಈ 7,200ರಲ್ಲಿ ಅಸಲಿಗೆ ಹೋಗುವ ಪಾಲು ಹೆಚ್ಚುತ್ತದೆ. ಹೀಗೆ ನಡೆದರೆ ಒಂದು ಲಕ್ಷದ ಓಡಿ 15, 16 ತಿಂಗಳಲ್ಲಿ ಸೊನ್ನೆಗೆ ಬರುತ್ತದೆ. ಒಟ್ಟು ಬಡ್ಡಿ ಹತ್ತು ಸಾವಿರ ದಾಟುವುದಿಲ್ಲ.

ತಿಂಗಳಿಗೆ ಆರು ಸಾವಿರ ಇಳಿಸುವುದು ಸಾಧ್ಯವೇ ಇಲ್ಲ, ಬಾಕಿ ಸದಾ ಮಿತಿಯ ಅಂಚಿನಲ್ಲೇ ಇರುತ್ತದೆ ಎನ್ನುವವರು ಓಡಿಯನ್ನು ಕಂತಿನ ಸಾಲವಾಗಿ ಬದಲಿಸಿಕೊಡಿ ಎಂದು ಬ್ಯಾಂಕನ್ನೇ ಕೇಳಬೇಕು. ಕಡಿಮೆ ಬಡ್ಡಿಯ ಬೇರೆ ದಾರಿಗಳನ್ನೂ ನೋಡಿ: ಬ್ಯಾಂಕಿನ ಚಿನ್ನದ ಸಾಲ, ಎಲ್‌ಐಸಿ ಪಾಲಿಸಿ ಮೇಲಿನ ಸಾಲ, ನೌಕರರ ಪತ್ತಿನ ಸಹಕಾರ ಸಂಘ, ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ ಪಾಲಿಸಿ ಮೇಲಿನ ಸಾಲ. ಹಾಗೆ ಬದಲಿಸಿದರೆ ಓಡಿ ಖಾತೆಯನ್ನು ಅದೇ ದಿನ ಮುಚ್ಚಿಸಬೇಕು. ಮುಚ್ಚದಿದ್ದರೆ ಆರು ತಿಂಗಳಲ್ಲಿ ಎರಡೂ ಸಾಲ ಇರುತ್ತವೆ. ಕ್ರೆಡಿಟ್ ಕಾರ್ಡಿನಿಂದ ಓಡಿ ತೀರಿಸುವ ಕೆಲಸಕ್ಕೆ ಕೈಹಾಕಲೇಬೇಡಿ. ಕಾರ್ಡಿನ ಬಾಕಿಗೆ ತಿಂಗಳಿಗೇ ಶೇ 3ರ ಮೇಲೆ ಬಡ್ಡಿ, ವರ್ಷಕ್ಕೆ ಶೇ 36 ದಾಟುತ್ತದೆ. ಕಾರ್ಡು, ಓಡಿ ಎರಡೂ ಇದ್ದರೆ ಮೊದಲು ಕಾರ್ಡು ತೀರಿಸಿ.

ಜಮೀನೂ ಇರುವ ಮನೆಗಳಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವೋ ಸಹಕಾರ ಸಂಘದ ಬಡ್ಡಿರಹಿತ ಬೆಳೆಸಾಲವೋ ಇರುತ್ತದೆ. ಅದಕ್ಕೆ ಈ ವಿಧಾನ ಹೊಂದುವುದಿಲ್ಲ. ಬೆಳೆ ಬಂದಾಗ, ವಾಯಿದೆಯೊಳಗೆ ಪೂರ್ತಿ ಕಟ್ಟಿದರಷ್ಟೇ ಅಲ್ಲಿ ಬಡ್ಡಿ ರಿಯಾಯಿತಿ. ಸಂಬಳದ ಹಣ ಓಡಿಗೆ, ಬೆಳೆಯ ಹಣ ಮೊದಲು ಬೆಳೆಸಾಲಕ್ಕೆ ಎಂದು ಇಟ್ಟುಕೊಳ್ಳಿ.

ನಿಯಮವೊಂದನ್ನು ಎಲ್ಲರೂ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಪ್ರಕಾರ ಓಡಿ ಬಾಕಿ ಸತತ 90 ದಿನ ಮಿತಿ ಮೀರಿದ್ದರೆ, ಅಥವಾ 90 ದಿನ ಖಾತೆಗೆ ಜಮೆಯೇ ಆಗದಿದ್ದರೆ, ಇಲ್ಲವೇ ಆದ ಜಮೆ ಬಡ್ಡಿಗೂ ಸಾಲದಿದ್ದರೆ, ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಕೆಲಸ ಬದಲಿಸಿ ಸಂಬಳ ಬೇರೆ ಬ್ಯಾಂಕಿಗೆ ಹೋದವರು ಹೆಚ್ಚಾಗಿ ಇಲ್ಲಿ ಸಿಕ್ಕಿಬೀಳುತ್ತಾರೆ. ಕೆಲಸ ಬಿಡುವ ಮುಂಚೆಯೇ ಶಾಖೆಗೆ ತಿಳಿಸಿ, ಕಟ್ಟುವ ವ್ಯವಸ್ಥೆ ಮಾಡಿ. ಲೆಕ್ಕದಲ್ಲಿ ಅರ್ಥವಾಗದ ಶುಲ್ಕ ಕಂಡರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.

ಬಾಕಿ ಸೊನ್ನೆಯಾದ ದಿನ ಕೆಲಸ ಮುಗಿಯುವುದಿಲ್ಲ. ಆ ತಿಂಗಳಲ್ಲಿ ಅಲ್ಲಿಯವರೆಗಿನ ದಿನಗಳ ಬಡ್ಡಿಯನ್ನೂ ಕಟ್ಟಿ, ಓಡಿ ಸೌಲಭ್ಯ ರದ್ದು ಮಾಡಿ ಎಂದು ಲಿಖಿತ ಅರ್ಜಿ ಕೊಡಿ. ಪ್ರತಿಗೆ ಶಾಖೆಯ ಸೀಲು, ಸಹಿ ಹಾಕಿಸಿಕೊಳ್ಳಿ. ಬಾಕಿ ಇಲ್ಲವೆಂಬ ಪತ್ರ, ಸಾಲ ಪಡೆಯುವಾಗ ಕೊಟ್ಟಿದ್ದ ಖಾಲಿ ಚೆಕ್‌ಗಳು ಇವೆರಡನ್ನೂ ಕೇಳಿ ಪಡೆಯಿರಿ. ಎರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ಈ ಖಾತೆ ‘ಮುಚ್ಚಲಾಗಿದೆ’ ಎಂದಿರದಿದ್ದರೆ ಆ ಪತ್ರ ತೋರಿಸಿ ಸರಿಪಡಿಸಿಕೊಳ್ಳಿ.